ಸೀಲಮ್ಮ ಒತ್ತಿದ ಒಂದು ಮುದ್ರೆ

ತಂಗಿಯ ಮಗಳಿಗೆ ಕೆಲಸ ಸಿಕ್ಕ ಸಂಭ್ರಮಕ್ಕೆ ಸೀಲಮ್ಮ ಎಡಗೆನ್ನೆಯ ಮೇಲೆ ‘ರದ್ದು’ ಎಂದು ಅಚ್ಚೊತ್ತಿಸಿಕೊಂಡು ಹೋದಳು.

ಬೇಕೆಂದೇನೂ ಅಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಯಾವುದೋ ಕಚೇರಿಗೆ ಮಾಡಿದ ಹೊಸ ಸೀಲಿಗೆ ಶಾಯಿ ಹಚ್ಚಿ ಪರೀಕ್ಷಿಸುತ್ತಿದ್ದವಳು ಮೇಜಿಗೆ ಮೊಣಕೈ ಊರಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಕೈಯಲ್ಲಿದ್ದ ಸೀಲೇ ದಿಂಬಾಯಿತು. ಅಷ್ಟರಲ್ಲಿ ತಂಗಿಯ ಫೋನು ಬಂತು: “ಅಕ್ಕ, ಪುಟ್ಟಿಗೆ ಕೆಲಸ ಆಯ್ತು. ಇದ್ದ ಹಾಗೇ ಎದ್ದು ಬಾ.” ಸೀಲಮ್ಮ ಇದ್ದ ಹಾಗೇ ಎದ್ದು, ಬಿಸ್ಕತ್ತಿನ ಪೊಟ್ಟಣ ಕೊಂಡು ಹೊರಟಳು. ಹಣ್ಣಿನ ಗಾಡಿಯವನು ನಕ್ಕ, ಇವಳೂ ನಕ್ಕಳು. ಔಷಧಿ ಅಂಗಡಿಯವನು ನಕ್ಕ. ಸುದ್ದಿ ಆಗಲೇ ಬೀದಿಗೆಲ್ಲ ಮುಟ್ಟಿದೆ, ಪುಟ್ಟಿಯನ್ನು ಕಂಡರೆ ಜನಕ್ಕೆ ಎಷ್ಟು ಅಕ್ಕರೆ ಎಂದುಕೊಂಡು ಅವನಿಗೂ ಒಂದು ನಗು ಕೊಟ್ಟಳು. ಬಾಗಿಲು ತೆರೆದ ತಂಗಿ ಮಾತ್ರ ನಗಲಿಲ್ಲ.

“ಒಳ್ಳೇ ಸುದ್ದಿ ಅಂತ ಕರೆದ್ರೆ ಕೆನ್ನೆ ಮೇಲೆ ಏನು ಹೊತ್ಕೊಂಡು ಬಂದಿದ್ದೀಯ ಅಕ್ಕ? ಹೋಗು, ಕನ್ನಡಿ ನೋಡ್ಕೋ.”

ಕನ್ನಡಿಯಲ್ಲಿ ಅಕ್ಷರ ಉಲ್ಟಾ ಕಂಡಿತು. ಸೀಲಮ್ಮನಿಗೆ ಅದೇನೂ ಕಷ್ಟವಲ್ಲ. ಮೂವತ್ತು ವರ್ಷದಿಂದ ಉಲ್ಟಾ ಅಕ್ಷರ ಓದಿಯೇ ಹೊಟ್ಟೆ ಹೊರೆದವಳು. ಸೋಪು ಹಾಕಿ ತಿಕ್ಕಿದಳು. ಒಳ್ಳೆಯ ಶಾಯಿ, ತಾನೇ ಆರಿಸಿ ತರಿಸಿದ್ದು, ಹೋಗಲಿಲ್ಲ. ನೇರಳೆ ಬಣ್ಣ ಕಿವಿಯವರೆಗೆ ಹರಡಿತು ಅಷ್ಟೆ.

ಅವಳ ನಿಜವಾದ ಹೆಸರು ಬೇರೆ. ರಬ್ಬರಿನ ಸೀಲು ಮಾಡುವ ಅಮ್ಮ, ಹಾಗಾಗಿ ಸೀಲಮ್ಮ. ಹೊಸಬರು ಅದನ್ನು ತಿದ್ದಿ ‘ಶೀಲಮ್ಮ’ ಎಂದರೆ, “ಶೀಲಕ್ಕೆ ಅಂಗಡಿ ಬೇಡಪ್ಪ, ಸೀಲಿಗೆ ಬೇಕು” ಎನ್ನುತ್ತಿದ್ದಳು. ಕಚೇರಿಗಳ ಬೀದಿಯಲ್ಲಿ, ಜೆರಾಕ್ಸ್ ಅಂಗಡಿಗೂ ಮಹಡಿಯ ಮೆಟ್ಟಿಲಿಗೂ ನಡುವೆ ಸಿಕ್ಕಿಕೊಂಡ ಅಂಗಡಿ ಅದು. ಗಿರಾಕಿ ಒಳಗೆ ಬಂದರೆ ಫ್ಯಾನಿನ ಗಾಳಿ ಹೊರಗೆ ಹೋಗಬೇಕು. ಅಂಗಡಿ ಅಪ್ಪನದು, ಮೇಜೂ ಅಪ್ಪನದು, ನಿಯಮವೂ ಅಪ್ಪನದು: ಯಾವುದೇ ಸಂಸ್ಥೆಯ ಸೀಲು ಮಾಡಬೇಕಾದರೆ ಆ ಸಂಸ್ಥೆಯ ಕಾಗದದ ಮೇಲೆ ಜವಾಬ್ದಾರರೊಬ್ಬರು ಸಹಿ ಹಾಕಿದ ಪತ್ರ ಬೇಕು. ಪತ್ರ ಬರುವವರೆಗೆ ರಬ್ಬರು ಮುಟ್ಟುವಂತಿಲ್ಲ. ಅಂಥ ಪತ್ರಗಳ ಕಡತಗಳನ್ನು ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದಳು.

ಅಪ್ಪನ ಪದ್ಧತಿಗೆ ಸೀಲಮ್ಮ ತಾನಾಗಿ ಸೇರಿಸಿದ್ದು ಒಂದೇ. ಸೀಲು ಸಿದ್ಧವಾದ ಮೇಲೆ ಬಿಳಿ ಹಾಳೆಯ ಮೇಲೆ ಒಂದು ಮುದ್ರೆ ಒತ್ತಿ, ಫೋಟೋ ತೆಗೆದು ಗಿರಾಕಿಗೆ ಕಳಿಸುವಳು. ಹೆಸರು, ವಿಳಾಸ ಸರಿಯಿದೆ ಎಂದು ಅವರು ಒಪ್ಪಿದರೆ ಬಂದು ಸೀಲು ಒಯ್ಯಬಹುದು. ಬೆಳಕು ಚೆನ್ನಾಗಿ ಬೀಳಲೆಂದು ಈ ಮಾದರಿ ಮುದ್ರೆಯನ್ನು ಯಾವಾಗಲೂ ಕಿಟಕಿಯ ಪಕ್ಕದ ಮೇಜಿನ ತುದಿಯಲ್ಲೇ ಒತ್ತುತ್ತಿದ್ದಳು. ಅಲ್ಲಿ ಅಪ್ಪನ ಕಾಲದ ಚಾಕುವಿನ ಗೀರೊಂದು ಅಡ್ಡಡ್ಡ ಹಾದುಹೋಗಿತ್ತು. ಹಾಗಾಗಿ ಅವಳ ಪ್ರತಿ ಮಾದರಿಯಲ್ಲೂ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ ಉಳಿದುಬಿಡುತ್ತಿತ್ತು. ಗಿರಾಕಿಗಳಿಗೆ ಅದು ಕಾಣುತ್ತಿರಲಿಲ್ಲ.

ಕೆನ್ನೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಪುಟ್ಟಿ ಫೋನು ಹಿಡಿದು ಕಾಯುತ್ತಿದ್ದಳು. ಇಪ್ಪತ್ತನಾಲ್ಕರ ಹುಡುಗಿ. ಬಟ್ಟೆ ಅಂಗಡಿಯೊಂದರ ಬಿಲ್ಲಿನ ಕೌಂಟರಿನಲ್ಲಿದ್ದಳು; ಆ ಅಂಗಡಿ ಬಾಗಿಲು ಹಾಕಿ ನಾಲ್ಕು ತಿಂಗಳಾಗಿತ್ತು. ಈಗ ದೊಡ್ಡ ಸರಕು ಸಾಗಣೆ ಕಂಪನಿಯೊಂದು ಮನೆಯಲ್ಲೇ ಕೂತು ಪಾರ್ಸೆಲ್ ವಿಳಾಸ ಪರಿಶೀಲಿಸುವ ಕೆಲಸ ಕೊಟ್ಟಿದೆ. ದಿನಕ್ಕೆ ನಾಲ್ಕು ಗಂಟೆ, ಹಳೆಯದರ ಎರಡರಷ್ಟು ಸಂಬಳ. ಲ್ಯಾಪ್‌ಟಾಪ್ ಅವರೇ ಕಳಿಸುತ್ತಾರೆ. ಅದಕ್ಕೊಂದು ಠೇವಣಿ, ಇವತ್ತು ಐದು ಗಂಟೆಯೊಳಗೆ ಕಟ್ಟಬೇಕು. ತಂಗಿ ಮನೆಯಲ್ಲಿ ಬಟ್ಟೆ ಹೊಲಿಯುವವಳು. ಕಾಲಲ್ಲಿ ತುಳಿಯುವ ಯಂತ್ರ ಬದಲಿಸಿ ಕರೆಂಟಿನದು ತರಲೆಂದು ಮೂರು ವರ್ಷ ಕೂಡಿಟ್ಟ ದುಡ್ಡನ್ನು ಮಗಳ ಖಾತೆಗೆ ಆಗಲೇ ಹಾಕಿಯಾಗಿತ್ತು.

“ಸಂದರ್ಶನದಲ್ಲಿ ಏನೇನು ಕೇಳಿದ್ರು?” ಎಂದಳು ಸೀಲಮ್ಮ.

“ಟೈಪ್ ಮಾಡೋಕೆ ಬರುತ್ತಾ ಅಂತ ಕೇಳಿದ್ರು. ಬರುತ್ತೆ ಅಂತ ಟೈಪ್ ಮಾಡಿದೆ. ಆಯ್ಕೆ ಆಗಿದ್ದೀರಿ ಅಂದ್ರು.”

“ಮಾತಾಡಲೇ ಇಲ್ವಾ? ಮುಖ?”

“ಎಲ್ಲಾ ಮೆಸೇಜಲ್ಲೇ. ಮುಖ ಫೋಟೋದಲ್ಲಿದೆ ದೊಡ್ಡಮ್ಮ. ಟೈ ಕಟ್ಟಿದ್ದಾರೆ.”

“ಕಟ್ಟೋದು ಅವರೊಬ್ಬರೇ ಆದ್ರೆ ಸರಿ” ಎಂದು ಸೀಲಮ್ಮ ನೇಮಕದ ಪತ್ರ ತೆರೆದಳು. ನಾಲ್ಕು ಪುಟ. ಪ್ರತಿ ಪುಟದ ಬುಡದಲ್ಲೂ ದುಂಡನೆಯ ನೇರಳೆ ಮುದ್ರೆ. ಅದನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಮೊದಲು ಕಸುಬಿನವಳ ಮೆಚ್ಚುಗೆ ಬಂತು: ಅಕ್ಷರಗಳು ಒತ್ತಾಗಿಲ್ಲ, ವೃತ್ತ ಸೊಟ್ಟಗಿಲ್ಲ, ಒಳ್ಳೇ ಕೈ. ಆಮೇಲೆ ಅನುಮಾನ. ನಾಲ್ಕೂ ಮುದ್ರೆ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ವಾಲಿದ್ದವು. ಕೈಯಿಂದ ಒತ್ತಿದವು ಹಾಗೆ ಬೀಳುವುದಿಲ್ಲ.

“ಈಗ ಎಲ್ಲಾ ಕಂಪ್ಯೂಟರಲ್ಲೇ ಅಂಟಿಸ್ತಾರೆ ದೊಡ್ಡಮ್ಮ. ದೊಡ್ಡ ದೊಡ್ಡ ಕಂಪನಿಯವರೂ ಹಾಗೇ” ಎಂದಳು ಪುಟ್ಟಿ. ಅದು ನಿಜವೂ ಆಗಿತ್ತು.

ಸೀಲಮ್ಮ ಇನ್ನಷ್ಟು ಹಿಗ್ಗಿಸಿದಳು. ವೃತ್ತದ ನಡುವೆ ಅಡ್ಡಲಾಗಿ ಕೂದಲೆಳೆಯಷ್ಟು ಬಿಳಿ ಗೆರೆ.

ಅದು ಅವಳದೇ ಮೇಜಿನ ಗೀರು. ಆರು ವಾರದ ಹಿಂದೆ ಬಂದ ಫೋನು ನೆನಪಾಯಿತು. ಜೇನಿನಂಥ ದನಿ. “ಅಮ್ಮ, ನಿಮ್ಮಷ್ಟು ಅಚ್ಚುಕಟ್ಟಾಗಿ ಮಾಡೋರು ಈ ಕಡೆ ಇನ್ನೊಬ್ಬರಿಲ್ಲವಂತೆ. ನಮ್ಮದು ಸಾಗಣೆ ಕಂಪನಿ, ಹೊಸ ಶಾಖೆ. ಪತ್ರ ನಾಳೆ ಖುದ್ದಾಗಿ ತಂದುಕೊಡ್ತೀನಿ. ಮಾದರಿ ಒಂದು ಇವತ್ತೇ ಕಳಿಸಿಬಿಡಿ.” ಅಪ್ಪನ ನಿಯಮ ಅವತ್ತು ಒಂದೇ ಒಂದು ದಿನ ರಜೆ ಹಾಕಿತ್ತು. ಮಾದರಿ ಕಳಿಸಿದಳು. ನಾಳೆಯೂ ಬರಲಿಲ್ಲ, ಪತ್ರವೂ ಬರಲಿಲ್ಲ, ಮನುಷ್ಯನೂ ಬರಲಿಲ್ಲ. ಸೀಲು ಡ್ರಾಯರಿನಲ್ಲಿ ಹಾಗೇ ಬಿದ್ದಿತ್ತು. ಅವನಿಗೆ ಬೇಕಾಗಿದ್ದದ್ದು ಸೀಲಲ್ಲ, ಫೋಟೋ.

ತನ್ನ ಪಾಲು ಬಾಯಿಬಿಡದೆ ಕೆಲಸ ಸಾಧಿಸಬಹುದೇ ಎಂದು ಸೀಲಮ್ಮ ಮೊದಲು ನೋಡಿದಳು. ಅವಳೂ ಮನುಷ್ಯಳೇ.

“ಪುಟ್ಟಿ, ದುಡ್ಡು ಕಟ್ಟಬೇಡ. ಕೆಲಸ ಕೊಡೋರು ದುಡ್ಡು ಕೊಡ್ತಾರೆ, ಕೇಳೋದಿಲ್ಲ.”

“ವಾಪಸ್ ಬರೋ ಠೇವಣಿ ಅದು.”

“ಹಾಗಾದ್ರೆ ಮೊದಲನೇ ಸಂಬಳದಲ್ಲೇ ಹಿಡ್ಕೊಳ್ಳಿ ಅಂತ ಬರಿ.”

ಪುಟ್ಟಿ ಬರೆದಳು. ಉಸಿರು ಬಿಡುವಷ್ಟರಲ್ಲಿ ಉತ್ತರ: ಅಂಥ ಅವಕಾಶ ಇಲ್ಲ, ನಿಮ್ಮ ಜಾಗಕ್ಕೆ ಇನ್ನೂ ಹದಿನಾಲ್ಕು ಜನ ಕಾಯುತ್ತಿದ್ದಾರೆ.

“ಕಚೇರಿಗೇ ಬಂದು ಕಟ್ತೀವಿ ಅನ್ನು.”

ಹೊರಗಿನವರಿಗೆ ಕಚೇರಿಯೊಳಗೆ ಪ್ರವೇಶವಿಲ್ಲ ಎಂದು ಬಂತು.

“ಕೆಲಸಕ್ಕೆ ಸೇರಿದವಳು ಹೊರಗಿನವಳು ಹೇಗಾಗ್ತಾಳೆ? ದುಡ್ಡು ಯಾರ ಖಾತೆಗೆ ಹೋಗ್ಬೇಕು, ಕಂಪನಿ ಹೆಸರಿದೆಯಾ ಅಲ್ಲಿ?”

ಅಲ್ಲಿದ್ದದ್ದು ಯಾವುದೋ ಒಬ್ಬ ಮನುಷ್ಯನ ಹೆಸರು. “ಲೆಕ್ಕ ನೋಡೋರ ಖಾತೆ ಇರ್ಬೇಕು” ಎಂದಳು ಪುಟ್ಟಿ. “ನಾಲ್ಕು ತಿಂಗಳಿಂದ ಕಂಡವರಿಗೆಲ್ಲ ಹುಡುಕ್ತಾ ಇದ್ದೀನಿ ಅಂತ ಹೇಳಿ ಸಾಕಾಗಿದೆ ನಂಗೆ. ಇವತ್ತೊಂದು ದಿನ ಆಯ್ತು ಅಂತ ಹೇಳಿದ್ರೆ ಅದಕ್ಕೂ ಕೊಂಕು. ಅಮ್ಮ ಒಪ್ಪಿದ್ದಾಳೆ. ನಾನು ಕಟ್ತೀನಿ.”

ಅವಳ ಹೆಬ್ಬೆರಳು ಫೋನಿನ ಮೇಲಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು.

“ಕಟ್ಟೋದಾದ್ರೆ ಕಟ್ಟು” ಎಂದಳು ಸೀಲಮ್ಮ. “ಅದಕ್ಕೆ ಮೊದಲು ನನ್ನ ಅಂಗಡಿಗೆ ಬಾ, ಐದಕ್ಕೆ ಇನ್ನೂ ಹೊತ್ತಿದೆ. ಆ ಸೀಲು ಮಾಡಿದವಳು ನಾನು.”

ತಂಗಿಯ ಕತ್ತರಿ ಬಟ್ಟೆಯ ನಡುವೆ ನಿಂತಿತು.

ಅಂಗಡಿಯಲ್ಲಿ ಸೀಲಮ್ಮ ಡ್ರಾಯರು ಎಳೆದು ಸೀಲು ತೆಗೆದಳು. ಹೊಸ ಹಾಳೆಯನ್ನು ಮೇಜಿನ ತುದಿಯಲ್ಲಿಟ್ಟು ಒತ್ತಿ, ಪುಟ್ಟಿಯ ಫೋನಿನ ಪಕ್ಕಕ್ಕೆ ಸರಿಸಿದಳು. ಅದೇ ಹೆಸರು, ಅದೇ ವೃತ್ತ, ಅದೇ ಗೆರೆ. ಪುಟ್ಟಿ ಮೇಜಿನ ಗೀರಿನ ಮೇಲೆ ಬೆರಳಾಡಿಸಿದಳು. ಆದರೂ ಒಂದು ಆಸೆ ಉಳಿದಿತ್ತು.

“ನಿಜವಾದ ಕಂಪನಿಯವರೇ ಮಾಡಿಸಿರಬಹುದಲ್ಲ ದೊಡ್ಡಮ್ಮ?”

“ಕೇಳೇಬಿಡೋಣ. ಅವನು ಕೊಟ್ಟ ನಂಬರಿಗೆ ಬೇಡ. ಅಲ್ಲಿ ಅವನೇ ಕೂತಿರ್ತಾನೆ.”

ಸೀಲಿನ ಮರದ ಹಿಡಿಗಳು ಅವಳಿಗೆ ಅದೇ ಸಾಗಣೆ ಕಂಪನಿಯ ಮೂಲಕವೇ ಬರುತ್ತಿದ್ದವು. ಹಳೆಯ ಪಾರ್ಸೆಲ್ ರಸೀದಿ ಹುಡುಕಿ, ಅದರಲ್ಲಿ ಅಚ್ಚಾಗಿದ್ದ ನಂಬರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಬಹಳ ಹೊತ್ತಿನ ಮೇಲೆ ದಣಿದ ಹೆಂಗಸಿನ ದನಿ ಬಂತು.

“ಮನೆಯಿಂದ ಮಾಡೋ ಕೆಲಸನಾ? ಲ್ಯಾಪ್‌ಟಾಪ್ ಠೇವಣಿನಾ? ಈ ವಾರ ನೀವು ಒಂಬತ್ತನೆಯವರು. ನಮ್ಮಲ್ಲಿ ಅಂಥ ಕೆಲಸವೇ ಇಲ್ಲಮ್ಮ. ಯಾವ ಕೆಲಸಕ್ಕೂ ನಾವು ದುಡ್ಡು ತಗೊಳ್ಳಲ್ಲ. ಕಟ್ಟಿಬಿಟ್ರಾ?”

“ಇಲ್ಲ” ಎಂದಳು ಪುಟ್ಟಿ.

ಐದು ದಾಟಿ ಮೂರು ನಿಮಿಷಕ್ಕೆ ಇನ್ನೊಂದು ಮೆಸೇಜು ಬಂತು. ನಿಮ್ಮ ಮೇಲಿನ ವಿಶ್ವಾಸದಿಂದ ಆರರವರೆಗೆ ಗಡುವು ಕೊಟ್ಟಿದ್ದೇವೆ. ಪುಟ್ಟಿ ಹಲ್ಲು ಕಚ್ಚಿ, ‘ನಿಮ್ಮ ಸೀಲು ನಮ್ಮ ದೊಡ್ಡಮ್ಮನ ಅಂಗಡಿಯಲ್ಲಿದೆ, ಬಂದು ತಗೊಂಡು ಹೋಗಿ’ ಎಂದು ಬರೆಯತೊಡಗಿದಳು. ಸೀಲಮ್ಮ ಅವಳ ಕೈ ಹಿಡಿದಳು.

“ಬೇಡ. ಬೈಯೋದೂ ಬೇಡ, ಅಳಿಸೋದೂ ಬೇಡ. ಅವನು ಬರೆದದ್ದೆಲ್ಲ ಹಾಗೇ ಇರ್ಲಿ. ಇದು ನೇಮಕದ ಪತ್ರ ಅಲ್ಲ, ನಾಮದ ಪತ್ರ. ತೋರಿಸಬೇಕಾದವರಿಗೆ ತೋರಿಸೋಣ.”

ಮರುದಿನ ಬೆಳಿಗ್ಗೆ ತಂಗಿ ಅಂಗಡಿಗೆ ಬಂದು ಅಡ್ಡ ನಿಂತಳು.

“ಪುಟ್ಟಿ ದುಡ್ಡು ಉಳೀತಲ್ಲ ಅಕ್ಕ. ಠಾಣೆಗೆ ಹೋಗಿ ಸುಳ್ಳು ಸೀಲು ಮಾಡಿದವಳು ನಾನು ಅಂತ ನೀನೇ ಹೇಳಿದ್ರೆ ನಾಳೆ ಯಾರು ನಿನ್ನ ಹತ್ರ ಬರ್ತಾರೆ? ಕಚೇರಿಗಳೆಲ್ಲ ಕೈಬಿಟ್ರೆ ಈ ಅಂಗಡಿ ಉಳಿಯುತ್ತಾ?”

“ಉಳೀದೇ ಇರಬಹುದು.”

“ಮತ್ತೆ?”

“ಹದಿನಾಲ್ಕು ಜನ ಕಾಯ್ತಿದ್ದಾರೆ ಅಂದನಲ್ಲ, ಅವನು ಹೇಳಿದ್ದರಲ್ಲಿ ಅದೊಂದು ನಿಜ ಇರಬಹುದು. ಅವರಲ್ಲಿ ಯಾರಿಗೂ ಸೀಲು ಮಾಡೋ ದೊಡ್ಡಮ್ಮ ಇಲ್ಲ.”

ಸೀಲು, ಮುದ್ರೆ ಒತ್ತಿದ ಹಾಳೆ, ತನ್ನ ಮತ್ತು ಪುಟ್ಟಿಯ ಫೋನು, ನೇಮಕದ ಪತ್ರದ ಪ್ರತಿ, ಎಲ್ಲವನ್ನೂ ಕೈಚೀಲದಲ್ಲಿ ಹಾಕಿಕೊಂಡು ಸೀಲಮ್ಮ ಬಾಗಿಲು ಎಳೆದು ಬೀಗ ಹಾಕಿ ಬಸ್ಸು ಹತ್ತಿದಳು. ಠಾಣೆಯಲ್ಲಿ ಇಂಥ ದೂರುಗಳನ್ನು ನೋಡುತ್ತಿದ್ದ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು. ಎಲ್ಲ ಕೇಳಿ ಬರೆದುಕೊಂಡರು. ಅವಳು ಮೇಜಿನ ಗೀರಿನ ವಿಷಯ ಹೇಳುವಾಗ ಮಾತ್ರ ಪೆನ್ನು ಕೆಳಗಿಟ್ಟು ಎರಡು ಹಾಳೆಗಳನ್ನೂ ಬೆಳಕಿಗೆ ಹಿಡಿದು ನೋಡಿದರು.

“ಪತ್ರ ಇಲ್ಲದೆ ಯಾಕೆ ಮಾಡಿಕೊಟ್ರಿ?”

“ಹೊಗಳಿದ.”

“ಹಾಗೇ ಬರೀಲಾ?”

“ಹಾಗೇ ಬರೀರಿ.”

ಅವಳಿಗೆ ಕರೆ ಬಂದಿದ್ದ ನಂಬರೂ ಪುಟ್ಟಿಗೆ ಮೆಸೇಜು ಬರುತ್ತಿದ್ದ ನಂಬರೂ ಒಂದೇ ಆಗಿತ್ತು. ಒಂದು ವಾರದೊಳಗೆ ಠೇವಣಿ ಕಟ್ಟಿಸಿಕೊಳ್ಳುತ್ತಿದ್ದ ಆ ಖಾತೆಗೆ ತಡೆ ಬಿತ್ತು. ಹಿಂದಿನ ಬೀದಿಯ ಇಬ್ಬರು ಹೆಂಗಸರು ಅದಕ್ಕೆ ಮೊದಲೇ ಕಟ್ಟಿದ್ದರು. ಒಬ್ಬಳಿಗೆ ದುಡ್ಡು ಮರಳಿತು, ಇನ್ನೊಬ್ಬಳಿಗೆ ಇಲ್ಲ. ಮರಳದವಳ ಮನೆಗೆ ಸೀಲಮ್ಮ ತಾನೇ ಹೋಗಿ, ಆ ಮುದ್ರೆ ತನ್ನದೆಂದು ಹೇಳಿ ಬಂದಳು. ಆಕೆ ನೀರು ಕೊಟ್ಟಳು, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಎರಡು ಕಚೇರಿಗಳು ತಮ್ಮ ಕೆಲಸವನ್ನು ಬೇರೆ ಕಡೆ ಕೊಟ್ಟವು. ಸೀಲಮ್ಮ ಅವರನ್ನು ದೂರಲಿಲ್ಲ. ನಾನೇ ಆ ಜಾಗದಲ್ಲಿದ್ದರೆ ಇನ್ನೊಂದು ಕಚೇರಿಯನ್ನೂ ಬಿಡಿಸುತ್ತಿದ್ದೆ ಎಂದಳು. ಅಂದಿನಿಂದ ಮಾದರಿ ಕಳಿಸುವಾಗ ಮುದ್ರೆಯ ನಡುವೆ ಅಡ್ಡಲಾಗಿ ದಪ್ಪ ಅಕ್ಷರದಲ್ಲಿ ‘ಮಾದರಿ’ ಎಂದು ಒತ್ತಿಯೇ ಕಳಿಸುತ್ತಾಳೆ. ಹೊಗಳುವ ಗಿರಾಕಿ ಬಂದರೆ ಎರಡು ಪತ್ರ ಕೇಳುತ್ತಾಳೆ.

ಜೆರಾಕ್ಸ್ ಅಂಗಡಿಗೆ ಬರುವ ಹುಡುಗ ಹುಡುಗಿಯರು ಈಗ ತಮಗೆ ಬಂದ ಕೆಲಸದ ಪತ್ರಗಳನ್ನು ಅವಳಿಗೊಮ್ಮೆ ತೋರಿಸಿ ಹೋಗುವುದು ವಾಡಿಕೆ. ಸೀಲಮ್ಮ ಮುದ್ರೆಯನ್ನು ಕೊನೆಗೆ ನೋಡುತ್ತಾಳೆ. ಮೊದಲು, ದುಡ್ಡು ಕೇಳಿದರಾ ಎನ್ನುತ್ತಾಳೆ. ಅವಸರ ಮಾಡಿದರಾ, ಮುಖ ಕೊಟ್ಟು ಮಾತಾಡಿದರಾ, ಕಂಪನಿಯ ನಂಬರನ್ನು ನೀನೇ ಬೇರೆ ಕಡೆಯಿಂದ ಹುಡುಕಿ ಕೇಳಿದೆಯಾ ಎನ್ನುತ್ತಾಳೆ. ಪುಟ್ಟಿಗೆ ಎರಡು ತಿಂಗಳ ಮೇಲೆ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿತು. ಸೇರುವ ಮುಂಚೆ ಅವಳೇ ಹೋಗಿ ಎಲ್ಲ ನೋಡಿ ಬಂದು ವರದಿ ಒಪ್ಪಿಸಿದಳು: “ಕುರ್ಚಿ ಇದೆ ದೊಡ್ಡಮ್ಮ. ಮುಟ್ಟಿ ನೋಡಿದೆ, ನಾಲ್ಕೂ ಕಾಲಿದೆ.”

ಕಳೆದ ತಿಂಗಳು ಬಡಾವಣೆಯ ಗ್ರಂಥಾಲಯದವರು ಕೆಲಸ ಹುಡುಕುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಸೀಲಮ್ಮನನ್ನು ಕರೆದರು. ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿ ಕೂತಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಪುಸ್ತಕ ತೆರೆದು, ಪೆನ್ನು ಹಿಡಿದು, ಎದ್ದು ನಿಂತಳು.

“ಅಂಗಡಿಯೇ ಹೋಗಬಹುದು ಅಂತ ನಿಮಗೆ ಗೊತ್ತಿತ್ತು ಅಮ್ಮ. ಆದರೂ ಠಾಣೆಗೆ ಹೋದ್ರಿ. ದಾರೀಲಿ ಒಂದು ಸಲವೂ ವಾಪಸ್ ಹೋಗಿಬಿಡೋಣ ಅಂತ ಅನ್ನಿಸಲಿಲ್ವಾ?”

ಹಿಂದಿನ ಸಾಲಿನವರು ಕತ್ತು ಚಾಚಿದರು.

“ಎರಡನೇ ಸ್ಟಾಪಲ್ಲೇ ಅನ್ನಿಸ್ತು ಕಣಮ್ಮ. ಇಳಿಯೋಣ ಅಂತ ಎದ್ದೂ ಆಗಿತ್ತು. ಆದ್ರೆ ಅವತ್ತು ಅಪರೂಪಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ.”