ದೊಡ್ಡಪ್ಪನ ಮನೆಗೆ ಊಟಕ್ಕೆ ಬಂದ ವೈರಿ

ಕಳೆದ ವಾರ ಚನ್ನರಾಯಪಟ್ಟಣದ ಪೊಲೀಸ್ ಠಾಣೆಗೆ ಹೋಗಿದ್ದೆ. ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವ ರೈತರೆಲ್ಲ ತಮ್ಮ ಬಂದೂಕು ತಂದು ಠಾಣೆಗೆ ಒಪ್ಪಿಸಬೇಕು, ಮತ ಎಣಿಕೆ ಮುಗಿದ ಮೇಲೆ ವಾಪಸ್ ಪಡೆಯಬೇಕು. ನನ್ನ ಕಕ್ಷಿದಾರರೊಬ್ಬರ ಬಂದೂಕಿನದು ಏನೋ ತಕರಾರು. ವಕೀಲಳಾದ ನಾನೇ ಹಾಸನದಿಂದ ಬರಬೇಕಾಯಿತು. ಪೇದೆ ಬಂದೂಕು ಇಟ್ಟ ಕೋಣೆಯ ಬಾಗಿಲು ತೆಗೆದದ್ದೇ ತಡ, ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಕಕ್ಷಿದಾರರು ಪಕ್ಕದಲ್ಲಿ ಏನೋ ಹೇಳುತ್ತಿದ್ದರು. ನನಗೆ ಒಂದೂ ಕೇಳಿಸಲಿಲ್ಲ. ನಾನಾಗಲೇ ನಮ್ಮೂರಿನ ಒಂದು ಜಗಲಿಯ ಮೇಲೆ ಹೋಗಿ ಕೂತಿದ್ದೆ...

ಆ ಜಗಲಿ ದೊಡ್ಡಪ್ಪನದು. ದೊಡ್ಡಪ್ಪ ಅಂದರೆ ರಕ್ತಸಂಬಂಧವೇನಲ್ಲ. ದಂಡಿಗನಹಳ್ಳಿ ಹೋಬಳಿಯ ನಮ್ಮೂರಲ್ಲಿ ಪಕ್ಕದ ಮನೆಯವರು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಕಾಡುಹಂದಿಯಿಂದ ಬೆಳೆ ಕಾಯಲೆಂದು ಒಂದು ಬಂದೂಕು ಇಟ್ಟುಕೊಂಡಿದ್ದರು. ಅದರಿಂದ ಹಂದಿ ಹೊಡೆದದ್ದನ್ನು ನಾನಂತೂ ಕಾಣೆ, ಭಾನುವಾರ ಭಾನುವಾರ ಎಣ್ಣೆ ಹಾಕಿ ಒರೆಸಿದ್ದನ್ನಷ್ಟೇ ಕಂಡಿದ್ದೇನೆ. ಮದುಮಗಳಿಗೂ ಇಷ್ಟು ಅರಿಶಿನ ಎಣ್ಣೆ ಹಚ್ಚಲ್ಲ ಬಿಡಿ ಅಂತ ನಾನು ರೇಗಿಸಿದರೆ ಮೀಸೆಯೊಳಗೇ ನಗುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರು ಮನೆಯಲ್ಲಿ ಕೂರಲಿಲ್ಲ. ಒಂದು ವಿದೇಶಿ ಕಂಪನಿ ನಮ್ಮ ಕಡೆಯ ಮಾಜಿ ಸೈನಿಕರನ್ನು ಹುಡುಕಿಕೊಂಡು ಬಂದಿತ್ತು. ಎಲ್ಲೋ ಒಂದು ದೇಶದಲ್ಲಿ ಯುದ್ಧ ಮುಗಿದಿತ್ತು, ಚುನಾವಣೆ ನಡೆಯುವುದಿತ್ತು, ಹೊಸ ಪೊಲೀಸರಿಗೆ ಕವಾಯತು ಕಲಿಸಲು ಜನ ಬೇಕಿತ್ತು. ದೊಡ್ಡಪ್ಪ ಹೋದರು. ಆ ದೇಶದ ಹೆಸರನ್ನು ಅವರು ಆಮೇಲೆ ಬಾಯಲ್ಲಿ ತರಲಿಲ್ಲ, ನಾನೂ ಬರೆಯುವುದಿಲ್ಲ.

“ಓಟಾಕೋ ದಿನ ಆ ಜನ ಎಂಗ್ ಬಂದಿದ್ರು ಅಂತೀಯ, ಮದ್ವೆ ಮನೇಗೆ ಬಂದಂಗೆ ಬಂದಿದ್ರು ಕಣವ್ವ,” ಅನ್ನುತ್ತಿದ್ದರು. ಗೆದ್ದವರು ಸರ್ಕಾರ ಮಾಡಿದರು. ಪೊಲೀಸ್ ಖಾತೆಯ ಮಂತ್ರಿ ಒಬ್ಬ ಮುದುಕ ಮೇಷ್ಟ್ರು. ಆದರೆ ತರಬೇತಿ ಶಿಬಿರದಲ್ಲಿ ಇನ್ನೊಂದು ದೊಡ್ಡ ದೇಶದಿಂದ ಬಂದ ಒಬ್ಬ ಸಲಹೆಗಾರನಿದ್ದ. ಹೆಸರಿಗಷ್ಟೇ ಸಲಹೆ. ಯಾರಿಗೆ ಬಡ್ತಿ, ಯಾವ ಠಾಣೆಗೆ ಎಷ್ಟು ಜನ, ಎಲ್ಲ ಅವನು ಹೇಳಿದಂತೆಯೇ. ಬಂದೂಕಿನ ಉಗ್ರಾಣದ ಬೀಗದಕೈ ಕೂಡ ಅವನ ಸೊಂಟದಲ್ಲೇ ನೇತಾಡುತ್ತಿತ್ತಂತೆ.

ದೊಡ್ಡಪ್ಪನಿಗೆ ಇದು ಸರಿಬರಲಿಲ್ಲ. ಕವಾಯತು ಮುಗಿದ ಮೇಲೆ ತಮ್ಮ ಶಿಷ್ಯರನ್ನು ಕೂರಿಸಿಕೊಂಡು ಹೇಳುತ್ತಿದ್ದರಂತೆ. ನೀವು ನನ್ನವರಲ್ಲ, ಆ ಸಲಹೆಗಾರನವರೂ ಅಲ್ಲ. ಯಾರನ್ನು ಓಟು ಹಾಕಿ ಗೆಲ್ಲಿಸಿದ್ದೀರೋ ಅವರ ಮಾತು ಕೇಳಬೇಕು ಅಂತ. ಆ ಶಿಷ್ಯರಲ್ಲಿ ಒಬ್ಬಳು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಎಳೆಗೂಸನ್ನು ತಾಯಿಯ ಬಳಿ ಬಿಟ್ಟು ಬಂದವಳು. ತನ್ನ ಭಾಷೆಯಲ್ಲಿ ದೊಡ್ಡಪ್ಪನನ್ನು ಅಪ್ಪ ಅಂತಲೇ ಕರೆಯುತ್ತಿದ್ದಳಂತೆ. ಹೆಣ್ಣುಮಕ್ಕಳಿಲ್ಲದ ದೊಡ್ಡಪ್ಪನಿಗೆ ಅಷ್ಟು ಸಾಕಾಗಿತ್ತು.

ಒಂದು ದಿನ, ಸೋತ ಪಕ್ಷದ ಬಂದೂಕಿನವರು ಹತ್ತಿರದ ಸಂತೆ ಪಟ್ಟಣಕ್ಕೆ ನುಗ್ಗುತ್ತಿದ್ದಾರೆಂದು ಸುದ್ದಿ ಬಂತು. ಮಂತ್ರಿಯೇ ಓಡೋಡಿ ಶಿಬಿರಕ್ಕೆ ಬಂದರು, ಪೊಲೀಸರನ್ನು ಕಳಿಸಿ ಅಂದರು. ಸಲಹೆಗಾರ ಆಗಲ್ಲ ಅಂದ. ಆ ಬಂದೂಕುಗಳಿರುವುದು ತನ್ನ ದೇಶದವರ ಗಣಿಯ ರಸ್ತೆ ಕಾಯಲು, ಬೇರೆ ಕೆಲಸಕ್ಕೆ ಬೇಕಾದರೆ ತನ್ನ ಮೇಲಿನವರ ಅಪ್ಪಣೆ ಬರಬೇಕು ಅಂದ. ಒಂದು ದೇಶದ ಮಂತ್ರಿ ತನ್ನದೇ ಪೊಲೀಸರ ಉಗ್ರಾಣದ ಮುಂದೆ ಬಿಸಿಲಲ್ಲಿ ಭಿಕ್ಷೆಯವನ ಹಾಗೆ ನಿಂತಿದ್ದರಂತೆ. ದೊಡ್ಡಪ್ಪ ಒಳಗೆ ಹೋಗಿ ಬೀಗದಕೈಗಾಗಿ ಸಲಹೆಗಾರನ ಕಾಲು ಹಿಡಿಯುವುದೊಂದು ಬಾಕಿ. ಅಷ್ಟರಲ್ಲಿ ಹೊರಗೆ ಮಂತ್ರಿ ನೇರವಾಗಿ ಪೊಲೀಸರಿಗೇ ಹುಕುಂ ಕೊಟ್ಟರು. ಮೊದಲು ಸಾಲಿನಿಂದ ಹೊರಗೆ ಬಂದವಳು ಅಪ್ಪ ಅನ್ನುತ್ತಿದ್ದ ಆ ಹುಡುಗಿ. ಲಾಠಿ ತಗೊಂಡು ಲಾರಿ ಹತ್ತಿದಳು. ಅವಳ ಹಿಂದೆ ಉಳಿದವರು.

ಲಾರಿ ಸಾಯಂಕಾಲ ವಾಪಸ್ ಬಂತು. ಅವಳು ಅದರಲ್ಲಿ ಮಲಗಿಕೊಂಡು ಬಂದಳು...

ಭಾರತದ ಸುಬೇದಾರನೇ ಹುಡುಗರ ತಲೆ ಕೆಡಿಸಿದ್ದು ಅಂತ ಸಲಹೆಗಾರ ಮೇಲಿನವರಿಗೆ ಹೇಳಿ, ದೊಡ್ಡಪ್ಪನನ್ನು ವಿಮಾನ ಹತ್ತಿಸಿ ಕಳಿಸಿದ. ಊರಿಗೆ ಬಂದ ಮೇಲೆ ದೊಡ್ಡಪ್ಪ ಒಂದು ಭಾನುವಾರ, ಬಂದೂಕು ಒರೆಸುತ್ತಾ, ಇದನ್ನೆಲ್ಲ ನನಗೆ ಹೇಳಿ, “ಯಾವ ಕೋರ್ಟಿಗಾಕ್ಬೋದವ್ವ ಇದ್ನ? ನೀನ್ ಓದಿದೀಯಲ್ಲ, ಯೋಳು,” ಅಂದರು. ನಾನು ಹುಡುಕಿದೆ. ಸಲಹೆಗಾರನನ್ನು ಆ ದೇಶದ ಕಾನೂನು ಮುಟ್ಟುವ ಹಾಗಿರಲಿಲ್ಲ, ಹಾಗಂತ ಎರಡೂ ದೇಶದವರು ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ಅವನ ದೇಶದ ಕೋರ್ಟಿಗೆ ನಮ್ಮ ಮಾತು ತಲುಪುವುದಿಲ್ಲ. ಗೇಣು ಬದುವಿಗಾಗಿ ಅರಕಲಗೂಡಿನ ಅಣ್ಣತಮ್ಮಂದಿರನ್ನು ವರ್ಷಗಟ್ಟಲೆ ಕಟಕಟೆ ಹತ್ತಿಸುವ ನನಗೆ, ಒಂದು ಹೆಣ್ಣಿನ ಸಾವಿಗೆ ಒಂದು ಕೋರ್ಟು ಸಿಗಲಿಲ್ಲ. ಇನ್ನೊಂದು ಭಾನುವಾರ ಹೋಗಿ, ಇಲ್ಲ ದೊಡ್ಡಪ್ಪ ಅಂದೆ. ಅವರು ತಲೆಯಾಡಿಸಿ ಮತ್ತೆ ಬಂದೂಕು ಒರೆಸತೊಡಗಿದರು. ಅವತ್ತಿನಿಂದ ಆ ಸಲಹೆಗಾರನ ಮೇಲಿನ ಸಿಟ್ಟು ನನ್ನದೂ ಆಯಿತು.

ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿದರು. “ಅವ್ನೇ ಬತ್ತಾವ್ನೆ ಕಣವ್ವ, ನಮ್ಮನೇಗೆ. ನೀನೂ ಬಾ, ಒಂದ್ ಸಾಕ್ಷಿ ಇರ್ಲಿ.” ಯುದ್ಧ ಮುಗಿದ ಇನ್ನೊಂದು ದೇಶದಲ್ಲಿ ಸಲಹೆಗಾರ ಅದೇ ಕೆಲಸಕ್ಕೆ ಕೂತಿದ್ದ. ಮತ್ತೆ ನಮ್ಮ ಕಡೆಯ ಮಾಜಿ ಸೈನಿಕರು ಬೇಕಾಗಿದ್ದರು, ಜನ ಕೂಡಿಸಲು ದೊಡ್ಡಪ್ಪನಂಥವರೇ ಬೇಕಿತ್ತು. ತಾನು ಮಾಡಿದ್ದನ್ನು ಅವನು ಮರೆತಿದ್ದ, ಅಥವಾ ದೊಡ್ಡಪ್ಪ ಮರೆತಿರುತ್ತಾರೆ ಅಂದುಕೊಂಡಿದ್ದ. ನಾನು ಕೋರ್ಟಿಗೆ ರಜೆ ಹಾಕಿ ಊರಿಗೆ ಓಡಿದೆ. ಬಂದೂಕು ಬಾಗಿಲ ಸಂದಿಯಲ್ಲಿ ಒರಗಿತ್ತು. ಗುಂಡು ತುಂಬಿದೆಯಾ ಅಂತ ನಾನು ಕೇಳಲಿಲ್ಲ. ವಕೀಲಳಾಗಿ ಕೇಳಬೇಕಿತ್ತು, ತಡೆಯಬೇಕಿತ್ತು. ಆದರೆ ನನಗೆ ಅವನು ಸಾಯಬೇಕಿತ್ತು. ಇದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಕಾರು ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಸಲಹೆಗಾರ ಇಳಿದ, ಜೊತೆಗೆ ಬೆಂಗಳೂರಿನ ಒಬ್ಬ ಏಜೆಂಟ್. ಒಳಗೆ ದೊಡ್ಡವ್ವ ಮುದ್ದೆ ತಿರುವಿ ಇಳಿಸಿದ್ದರು, ಅವರೆಕಾಳು ಸಾರಿನ ಘಮ ಬೀದಿಗೆ ಬರುತ್ತಿತ್ತು. ಇವನು ಯಾರೆಂದು ದೊಡ್ಡಪ್ಪ ಅವರಿಗೆ ಹೇಳಿರಲಿಲ್ಲ. ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು, ಕೈ ಚಾಚಿದರೆ ಬಂದೂಕು. ಸಲಹೆಗಾರ ನಗುತ್ತಾ ಬಂದ, ಇಬ್ಬರೂ ಮುಖಾಮುಖಿಯಾದರು. ಇಷ್ಟು ವರ್ಷ ಆ ಗಳಿಗೆಗಾಗಿ ಕಾದ ದೊಡ್ಡಪ್ಪನ ಬಾಯಿಂದ ಬಂದದ್ದು ಒಂದೇ ಮಾತು.

“ಬಿಸ್ಲಲ್ ಬಂದಿದೀರ, ಮೊದ್ಲು ಉಣ್ಣಿ.”

ಆಡಿದ ಮೇಲೆ ಅವರಿಗೇ ಗೊತ್ತಾಯಿತು. ಉಣ್ಣಲು ಕರೆದವನ ಮೇಲೆ ಇನ್ನು ಕೈ ಎತ್ತುವ ಹಾಗಿರಲಿಲ್ಲ. ಊಟದ ಹೊತ್ತಿಗೆ ಹೊಸ್ತಿಲಿಗೆ ಬಂದವರಿಗೆ ಹುಟ್ಟಿದಾಗಿನಿಂದ ಹೇಳುತ್ತಾ ಬಂದ ಮಾತು, ನಾಲಿಗೆ ತನ್ನಷ್ಟಕ್ಕೆ ಹೇಳಿಬಿಟ್ಟಿತ್ತು. ಏಜೆಂಟ್ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದ. ಸಲಹೆಗಾರ ಖುಷಿಯಾಗಿ ಶೂ ಬಿಚ್ಚಿದ. ದೊಡ್ಡವ್ವ ಕಾಲಿಗೆ ನೀರು ಕೊಟ್ಟರು, ಎಲೆ ಹಾಕಿದರು. ನುಂಗಬೇಕಾದ ಮುದ್ದೆಯನ್ನು ಅವನು ಜಗಿದು ಜಗಿದು, ಹಲ್ಲಿಗೆಲ್ಲ ಮೆತ್ತಿಸಿಕೊಂಡು, ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡ. ನಾನು ಕಂಬಕ್ಕೆ ಒರಗಿ ಒಂದೊಂದು ತುತ್ತನ್ನೂ ಶಪಿಸುತ್ತಿದ್ದೆ.

ಕೈ ತೊಳೆದ ಮೇಲೆ ಹೊಸ ದೇಶದ ಮಾತು ತೆಗೆದ. ಅಲ್ಲೂ ಚುನಾವಣೆ ಆಗಿದೆಯಂತೆ, ಹೊಸ ಸರ್ಕಾರಕ್ಕೆ ಪಾಪ ಏನೂ ಗೊತ್ತಾಗುವುದಿಲ್ಲವಂತೆ, ಪೊಲೀಸರನ್ನು ಇವರೇ ನೋಡಿಕೊಳ್ಳಬೇಕಂತೆ. ದೊಡ್ಡಪ್ಪ ಎಲ್ಲ ಕೇಳಿ, ತಮ್ಮ ಸೈನ್ಯದ ಇಂಗ್ಲಿಷಿನಲ್ಲಿ, ಲಾಠಿ ಹಿಡಿದು ಲಾರಿ ಹತ್ತಿದ ಆ ಹುಡುಗಿ ನೆನಪಿದ್ದಾಳಾ ಅಂತ ಕೇಳಿದರು.

“ಯಾವ ಹುಡುಗಿ?” ಅಂದ.

ನಾನು ಬಾಗಿಲ ಸಂದಿಯ ಕಡೆ ಎರಡು ಹೆಜ್ಜೆ ಹಾಕಿದ್ದೆ. ದೊಡ್ಡಪ್ಪ ನನ್ನ ರಟ್ಟೆ ಹಿಡಿದರು. “ಬ್ಯಾಡ ಮಗಾ. ಉಂಡವ್ನೆ,” ಅಂದರು. ಒಬ್ಬನೇ ಒಬ್ಬನನ್ನೂ ಕಳಿಸುವುದಿಲ್ಲ ಅಂತ ಅವನಿಗೆ ಹೇಳಿ, ಕಾರಿನ ತನಕ ಹೋಗಿ ಹತ್ತಿಸಿ ಬಂದರು. ಕಾರಿನ ಧೂಳು ಇನ್ನೂ ಇಳಿದಿರಲಿಲ್ಲ. ನಮ್ಮನೆ ಮುದ್ದೆ ಹೊಟ್ಟೆಯಲ್ಲಿರುವ ತನಕ ತಾನೆ ಮುಟ್ಟಬಾರದು, ನಾಳೆ ಬೆಳಿಗ್ಗೆ ಹಾಸನದ ಹೋಟೆಲಿನಲ್ಲೇ ಹಿಡಿಯೋಣ ಅಂದೆ. ನಾನು ತಮಾಷೆಗೆ ಹೇಳಿರಲಿಲ್ಲ. ದೊಡ್ಡಪ್ಪ ನಕ್ಕರು, ನಗುತ್ತಲೇ ಜಗಲಿಯ ಮೇಲೆ ಕುಸಿದು ಕೂತು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ಗಟ್ಟಿಯಾಗಿ ಗಂಡಸು ಅತ್ತದ್ದನ್ನು ನಾನು ಮತ್ತೆ ಕೇಳಿಲ್ಲ.

ಆಮೇಲೆ ಹಳೇ ಸ್ಕೂಟರ್ ಹತ್ತಿ ಮಲ್ಲಿಪಟ್ಟಣ, ಹೊಳೆನರಸೀಪುರ ಅಂತ ಮಾಜಿ ಸೈನಿಕರ ಮನೆ ಮನೆ ತಿರುಗಿದರು. ಹೋಗಬೇಡಿ, ಆ ಜನದ ಸರ್ಕಾರವನ್ನು ಅವರಿಗೇ ಇಲ್ಲದ ಹಾಗೆ ಮಾಡುವ ಕೆಲಸ ಅದು ಅಂತ ಕೈಮುಗಿದರು. ಕೆಲವರು ಕೇಳಿದರು, ಕೆಲವರು ಹೋದರು. ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಕೊನೆಯ ದಿನಗಳಲ್ಲಿ ಒಮ್ಮೆ, ಆ ಮಗು ಈಗ ಎಷ್ಟು ದೊಡ್ಡದಾಗಿರುತ್ತೋ ಅಂದರು. ಯಾವ ಮಗು ಅಂತ ನಾನು ಕೇಳಬೇಕಾಗಿರಲಿಲ್ಲ...

ಕಳೆದ ವಾರ ಠಾಣೆಯಿಂದ ಹೊರಗೆ ಬಂದು ಕಾರು ತೆಗೆಯುವಾಗ ಫೋನ್ ಬಂತು. ಅದೇ ಬೆಂಗಳೂರಿನ ಏಜೆಂಟ್. ಹಳೇ ಪರಿಚಯದ ಮೇಲೆ ಮಾಡುತ್ತಿದ್ದೇನೆ ಮೇಡಂ ಅಂದ. ಸಲಹೆಗಾರರು ಮುಂದಿನ ತಿಂಗಳು ಬರುತ್ತಾರಂತೆ, ಜಿನನಾಥಪುರದ ಬಸದಿ ನೋಡುತ್ತಾರಂತೆ, ಹಾಗೇ ಸುಬೇದಾರರ ಮನೆಗೆ ಬಂದು ಅವರ ಹೆಂಡತಿಗೆ ಸಮಾಧಾನ ಹೇಳಿ ಹೋಗುತ್ತಾರಂತೆ. ಆ ಮುದ್ದೆ ಊಟವನ್ನು ಇನ್ನೂ ನೆನೆಯುತ್ತಾರಂತೆ. ವಿಚಾರಿಸಿ ಹೇಳುತ್ತೇನೆ ಅಂದು ನೇರ ಊರಿಗೆ ಹೋದೆ.

ದೊಡ್ಡವ್ವ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಈಗ ಅವರಿಗೆ ಎಲ್ಲವೂ ಗೊತ್ತು. ನಾನು ಹೇಳಿದ್ದನ್ನು ಕೇಳಿ, ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿ, “ಬರ್ಲಿ. ಅವ್ನ್ ಬರೋ ದಿನ ನಾನು ಒಲೆ ಅಚ್ಚಾಕಿಲ್ಲ ಕಣವ್ವ,” ಅಂದರು.

ಅಲ್ಲೇ ನಿಂತು ಏಜೆಂಟನಿಗೆ ಫೋನ್ ಮಾಡಿದೆ. ಖಂಡಿತ ಬರಲಿ, ಊಟ ಮಾತ್ರ ಎಲ್ಲಾದರೂ ಮುಗಿಸಿಕೊಂಡು ಬರಲಿ, ಈ ಮನೆಯಲ್ಲಿ ಒಂದು ಲೋಟ ನೀರನ್ನೂ ಕೇಳದಿರಲಿ ಅಂದೆ. ಅಯ್ಯೋ, ನಿಮಗೆ ತೊಂದರೆ ಕೊಡಲ್ಲ ಬಿಡಿ ಮೇಡಂ ಅಂತ ಅವನು ಉಪಚಾರದ ನಗೆ ನಕ್ಕ. ನಾನು ಹೇಳಿದ್ದು ಏನೆಂದು ಅರ್ಥಮಾಡಿಕೊಂಡು, ನನ್ನ ರಟ್ಟೆ ಹಿಡಿದು ಬೇಡ ಅನ್ನುತ್ತಿದ್ದ ಮನುಷ್ಯ ಈಗ ಇಲ್ಲ.