ಆಗಬೋಟಿನ ಮೇಲೆ ನಾನು ಕಿವುಡಿಯಾದದ್ದು

ಮದುವೆಯಾಗಿ ಹತ್ತು ವರ್ಷವಾದರೂ ನಮ್ಮವರು ಹಗಲು ಹೊತ್ತಿನಲ್ಲಿ ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇರಲಿಲ್ಲ. ಧಾರವಾಡದ ಕಡೆಯಿಂದ ಬಂದು ಪುಣೆಯ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದಿದ್ದ ನಮ್ಮಂಥ ಮನೆಗಳಲ್ಲಿ ಆಗ ಅದೇ ಮರ್ಯಾದೆ. ಹಿರಿಯರ ಎದುರು ಗಂಡ ಹೆಂಡತಿಯನ್ನು ಮಾತಾಡಿಸಬಾರದು. ನಮ್ಮ ಎರಡು ಕೋಣೆಗಳಲ್ಲಿ ಅತ್ತೆಯ ಕಣ್ಣಿಗೆ ಬೀಳದ ಜಾಗವೆಂದರೆ ಉಪ್ಪಿನಕಾಯಿ ಭರಣಿಯ ಒಳಗು ಮಾತ್ರ. ಹಾಗಾದರೆ ಎರಡು ಮಕ್ಕಳು ಹೇಗಾದವು ಎಂದು ಕೇಳಬೇಡಿ. ಅದಕ್ಕೆ ಮಾತು ಬೇಕಾಗುವುದಿಲ್ಲ.

ಅವರಿಗೆ ಏನಾದರೂ ಬೇಕಾದರೆ ಮಗಳಿಗೆ ಹೇಳುತ್ತಿದ್ದರು. "ನಿಮ್ಮವ್ವಗ ಕೇಳು, ನೀರು ಕಾದಾವೇನಂತ." ನಾನು ಅಲ್ಲೇ ಎರಡು ಮೊಳ ದೂರದಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದೆ. "ಕಾದಾವಂತ ಹೇಳು ನಿಮ್ಮಪ್ಪಗ" ಎನ್ನುತ್ತಿದ್ದೆ. ಮಗಳು ಹುಟ್ಟುವ ಮೊದಲು ಅವರು ಗೋಡೆಗೆ ಹೇಳುತ್ತಿದ್ದರು. ವಾಡೆಯ ಬೆಕ್ಕು ಬಂದು ಕೂತಿದ್ದರೆ ಬೆಕ್ಕಿಗೆ. ಆ ಬೆಕ್ಕಿಗೆ ನಮ್ಮ ಸಂಸಾರದ ಸಕಲ ವಿಷಯವೂ ಗೊತ್ತಿತ್ತು.

ಅವರು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರರು. ಕರಿಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಕೊಂಕಣದ ಕರಾವಳಿ ಬರೆಯುತ್ತಾರೆಂದು ಅವರಿಗೆ ದೊಡ್ಡ ಹೆಸರಿತ್ತು. ಒಂದು ದಿನ ಭರತ ಇಳಿತದ ಪಾಠ ನಡೆದಾಗ ಯಾವನೋ ಹುಡುಗ ಎದ್ದು ನಿಂತು, "ಸರ್, ನೀವು ಸಮುದ್ರ ನೋಡಿದ್ದೀರಾ?" ಎಂದು ಕೇಳಿಬಿಟ್ಟನಂತೆ. ಅವರು ನೋಡಿರಲಿಲ್ಲ. ನಾವಿಬ್ಬರೂ ನೋಡಿದ್ದ ಅತಿ ದೊಡ್ಡ ನೀರೆಂದರೆ ಮಳೆಗಾಲದಲ್ಲಿ ಯೆರವಡಾ ಸೇತುವೆಯ ಕೆಳಗೆ ಹರಿಯುವ ಹೊಳೆ. ಆ ಸಂಜೆ ಮನೆಗೆ ಬಂದವರೇ ಅತ್ತೆಯ ಮುಂದೆ ಕೂತು, ಕ್ರಿಸ್‌ಮಸ್ ರಜೆಯಲ್ಲಿ ಮುಂಬೈಯಿಂದ ಆಗಬೋಟು ಎಂಬ ಉಗಿಹಡಗು ಹತ್ತಿ ರತ್ನಾಗಿರಿಯ ತನಕ ಹೋಗಿಬರುತ್ತೇನೆ, ಕರಾವಳಿ ಪೂರ್ತಿ ಕಣ್ಣಾರೆ ನೋಡಬೇಕು ಎಂದರು.

ಅತ್ತೆ ವಿಚಾರ ಮಾಡಿದರು. ಮಗನ ಹೊಟ್ಟೆ ನಾಜೂಕು. ಹೊರಗಿನ ಅನ್ನ ಇಳಿಯುವುದಿಲ್ಲ, ಹೊರಗಿನ ನೀರಂತೂ ನಡೆಯುವುದೇ ಇಲ್ಲ. "ಇಕಿನ್ನೂ ಕರಕೊಂಡು ಹೋಗಪಾ. ಬುತ್ತಿ ಬಿಚ್ಚಿ ಕೊಡ್ಲಿಕ್ಕೆ ಯಾರರ ಬೇಕಲ್ಲ" ಎಂದರು. ಹೀಗೆ ನಾನು ಕೊಡಪಾನ, ಬುತ್ತಿಗಂಟು, ಹಾಸಿಗೆ ಸುರುಳಿಗಳ ಸಾಲಿನಲ್ಲಿ ನಾಲ್ಕನೆಯ ಸಾಮಾನಾಗಿ ಹೊರಟೆ. ಮಕ್ಕಳು ಅಜ್ಜಿಯ ಹತ್ತಿರ ಉಳಿದವು.

ಸಾಮಾನಾದರೂ ನನ್ನ ಹೊಟ್ಟೆಯೊಳಗೆ ಒಂದು ಸಂಭ್ರಮವಿತ್ತು. ಹಡಗಿನ ಮೇಲೆ ಅತ್ತೆ ಇಲ್ಲ, ಮಗಳಿಲ್ಲ, ಬೆಕ್ಕಿಲ್ಲ. ಸುತ್ತ ನೀರು. ಈ ಮನುಷ್ಯ ಇನ್ನು ಎಲ್ಲಿಗೆ ಹೋದಾನು, ನನ್ನ ಮುಖ ನೋಡಿ ಮಾತಾಡಲೇಬೇಕು! ನಾನಾಗಿ ಮೊದಲು ಬಾಯಿ ಬಿಡುವುದಿಲ್ಲ ಎಂದು ಪುಣೆ ಸ್ಟೇಶನ್ನಿನಲ್ಲೇ ಗಟ್ಟಿ ಮಾಡಿಕೊಂಡೆ. ಹತ್ತು ವರ್ಷ ಗೋಡೆಯ ಪಾಲಾದ ಮಾತು ನನ್ನ ಪಾಲಿಗೆ ಒಂದಾದರೂ ಬರಬೇಕು. ಅಷ್ಟೇ ನನ್ನ ಆಸೆ. ಸಮುದ್ರ ಗಿಮುದ್ರ ಎಲ್ಲ ಆಮೇಲೆ.

ನಮ್ಮವರು ಪ್ರಯಾಣಕ್ಕೆಂದು ದಂಡಿನ ಪೇಟೆಯಾದ ಕ್ಯಾಂಪಿನಿಂದ ಸಾಹೇಬರ ಹ್ಯಾಟೊಂದನ್ನು ಕೊಂಡು ತಂದಿದ್ದರು. ಕಚ್ಚೆ ಪಂಚೆ, ಉದ್ದ ಕೋಟು, ಮೇಲೆ ಆ ಹ್ಯಾಟು. ರೈಲಿನಲ್ಲಿ ಪಕ್ಕದವರು ಇವರನ್ನು ಮೇಲೆ ನೋಡಿದಾಗ ಕೈ ಮುಗಿಯುತ್ತಿದ್ದರು, ಕೆಳಗೆ ನೋಡಿದಾಗ ಕೈ ಬಿಡುತ್ತಿದ್ದರು. ಮುಂಬೈಯ ಧರ್ಮಶಾಲೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹಾಗಾಗಿ ಅಲ್ಲಿಯ ತನಕ ಮಾತಿನ ಪ್ರಶ್ನೆಯೇ ಏಳಲಿಲ್ಲ.

ಬೆಳಿಗ್ಗೆ ಬಂದರಿನ ಧಕ್ಕೆಗೆ ಹೋಗಿ ಆಗಬೋಟು ಹತ್ತಿದೆವು. ಡೆಕ್ಕಿನ ಮೇಲೆ ಜನ ತಮ್ಮ ತಮ್ಮ ಜಮಖಾನೆ ಹಾಸಿ ಜಾಗ ಹಿಡಿದಿದ್ದರು. ನಾವೂ ನಮ್ಮದನ್ನು ಹಾಸಿದೆವು. ನಮ್ಮ ಪಕ್ಕದಲ್ಲಿ ದಾರಿಯಲ್ಲಿ ಸಿಗುವ ದಾಭೋಳಕ್ಕೆ ಹೊರಟ ಮರಾಠಿ ಅಜ್ಜಿಯೊಬ್ಬಳು ಮುಂಬೈಯಲ್ಲಿ ಮಾರಿ ಉಳಿದ ಒಂದು ಬುಟ್ಟಿ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದಳು. ಸಿಳ್ಳು ಹಾಕಿ ಹಡಗು ಹೊರಟಿತು. ಮುಂಬೈ ಹಿಂದೆ ಸರಿಯಿತು. ಸಮುದ್ರ ಬಂತು. ನಾನು ಅದನ್ನು ಬಿಟ್ಟು ಓರೆಗಣ್ಣಿನಿಂದ ನಮ್ಮವರ ಬಾಯಿಯನ್ನೇ ನೋಡುತ್ತಿದ್ದೆ.

ಅವರು ಗಂಟಲು ಸರಿಮಾಡಿಕೊಂಡರು. ನಾನು ಸೆರಗು ಸರಿಮಾಡಿಕೊಂಡೆ. ಅವರು ಅಜ್ಜಿಯ ಕಡೆ ತಿರುಗಿ ಮರಾಠಿಯಲ್ಲಿ, "ಆಜೀ, ಇವಳಿಗೆ ಸ್ವಲ್ಪ ಹೇಳಿ, ನೀರು ಕೊಡು ಅಂತ" ಎಂದರು.

ಅಜ್ಜಿ ಅವರನ್ನು ನೋಡಿದಳು. ನನ್ನನ್ನು ನೋಡಿದಳು. ಇಬ್ಬರ ನಡುವೆ ಗೇಣು ಜಾಗವೂ ಇರಲಿಲ್ಲ. ಪಾಪ, ಅವಳಿಗೆ ಹೊಳೆದದ್ದು ಒಂದೇ ಅರ್ಥ. ನನ್ನ ಕಿವಿಯ ಹತ್ತಿರ ಬಾಯಿ ತಂದು, ಹಡಗಿನ ಸಿಳ್ಳೂ ನಾಚಬೇಕು, ಹಾಗೆ ಕೂಗಿದಳು: "ಪಾಣೀ! ಪಾಣೀ ದೇ ತ್ಯಾಂನಾ!"

ನನಗೆ ಎಂಥ ಸಿಟ್ಟು ಬಂತೆಂದರೆ, ನಾನು ನಿಜವಾಗಿಯೂ ಕಿವುಡಿಯಾದೆ. ತುಟಿ ಪಿಟಕ್ಕೆನ್ನದೆ ತಂಬಿಗೆ ಎತ್ತಿ ಕುಕ್ಕಿದೆ. ಅಜ್ಜಿ ಲೊಚಗುಟ್ಟಿದಳು. "ಅಯ್ಯೋ, ಹುಟ್ಟಿನಿಂದಲೇ ಹೀಗಾ?" ಎಂದು ನಮ್ಮವರನ್ನು ಕೇಳಿದಳು. ಅಲ್ಲ, ಹೀಗೇನಿಲ್ಲ, ನಮ್ಮ ಮನೆಯ ಪದ್ಧತಿ ಹೀಗೆ ಎಂದು ಹೇಳಲು ಅವರಿಗೆ ನಾಚಿಕೆಯಾಯಿತೋ ಏನೋ. "ಹಾಂ... ಹತ್ತು ವರ್ಷದಿಂದ" ಎಂದರು. ಹತ್ತು ವರ್ಷದಿಂದ! ಅಂದರೆ ಮದುವೆಯ ದಿನ ಕಿವಿ ಹೋಯಿತು ಎಂದ ಹಾಗಾಯಿತು.

ಒಂದು ತಾಸಿನಲ್ಲಿ ಇಡೀ ಡೆಕ್ಕಿಗೆ, ನಾನು ಕಿವುಡಿ, ಮೂಕಿಯೂ ಹೌದು ಎಂದು ಸುದ್ದಿ ಹಬ್ಬಿತು. ಒಬ್ಬಳು ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡಲು ಹೇಳಿದಳು. ಒಬ್ಬ ಜ್ಯೋತಿಷಿ ನನ್ನ ಕೈ ನೋಡಿ, ನನ್ನ ಹಸ್ತದಲ್ಲಿ ಕಿವಿಯ ರೇಖೆಯೇ ಇಲ್ಲವೆಂದ. ಇನ್ನೊಬ್ಬರು ನನ್ನ ಬೆನ್ನ ಹಿಂದೆ ಬಂದು ಜೋರಾಗಿ ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡಿದರು. ನಾನು ಕದಲಲಿಲ್ಲ. ಹಟಕ್ಕೆ ಬಿದ್ದರೆ ನಾನು ಗೋಡೆಗಿಂತ ಗಟ್ಟಿ. ಹತ್ತು ವರ್ಷ ಜೊತೆಗಿದ್ದು ಕಲಿತ ವಿದ್ಯೆ.

ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಹಾಕಿಕೊಟ್ಟೆ. ಅಜ್ಜಿಗೂ ಕೊಟ್ಟೆ. ಅವಳು ಒಂದು ತುತ್ತು ತಿಂದು, "ಕಿವಿ ಇಲ್ಲದಿದ್ದರೇನು, ಕೈ ಇದೆಯಲ್ಲ" ಎಂದಳು.

ಆಗ ನಮ್ಮವರು ತಟ್ಟೆ ನೋಡಿಕೊಂಡೇ, "ಹೌದು ಆಜೀ. ನನ್ನ ಹೊಟ್ಟೆ ಇವಳ ಕೈಯಿಂದಲೇ ನೆಟ್ಟಗಿದೆ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾಳೆ. ಎಷ್ಟೋ ದಿನ ಪಲ್ಯ ಉಳಿದಿರುವುದಿಲ್ಲ, ಬರೀ ಚಟ್ನಿ ಹಚ್ಚಿಕೊಂಡು ತಿನ್ನುತ್ತಾಳೆ. ನಾನು ನೋಡಿದ್ದೇನೆ" ಎಂದರು.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ನೋಡಿದ್ದಾರೆ! ಈ ಮನುಷ್ಯ ಗೋಡೆಯ ಕಡೆ ಮುಖ ಮಾಡಿಕೊಂಡೇ ಎಲ್ಲ ನೋಡಿದ್ದಾರೆ. ಎದೆ ತುಂಬಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ಒಳ್ಳೆಯ ಮಾತನ್ನು ನನಗೆ ಹೇಳುವುದು ಬಿಟ್ಟು ದಾಭೋಳದ ತೆಂಗಿನಕಾಯಿಯವಳಿಗೆ ಹೇಳಬೇಕೇ? ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದು ನಾನು ಒರೆಸಿಕೊಳ್ಳಬೇಕಾದ ಕಣ್ಣೀರು.

ಹರ್ಣೈ ಬಂದರು ದಾಟಿದ ಮೇಲೆ ಗಾಳಿ ಎದ್ದಿತು. ಹಡಗು ಒಮ್ಮೆ ಈಚೆ, ಒಮ್ಮೆ ಆಚೆ ವಾಲತೊಡಗಿತು. ನಮ್ಮವರ ಮುಖ ಬಾಡಿದ ಮೆಂತ್ಯದ ಸೊಪ್ಪಿನ ಬಣ್ಣಕ್ಕೆ ಬಂತು. ಎದ್ದು ಅಂಚಿನ ಕಟಾಂಜನ ಹಿಡಿದುಕೊಂಡು ಬಗ್ಗಿದರು. ನಾನು ಹಿಂದೆಯೇ ಹೋಗಿ ನಿಂತೆ. ಹತ್ತು ವರ್ಷ ಕಾಪಾಡಿದ ಹೊಟ್ಟೆ, ಒಂದೇ ಗಳಿಗೆಯಲ್ಲಿ ಅರಬ್ಬೀ ಸಮುದ್ರದ ಪಾಲಾಯಿತು. ಅದೇ ಹೊತ್ತಿಗೆ ಗಾಳಿ ಹ್ಯಾಟಿನ ಕೆಳಗೆ ಕೈ ಹಾಕಿತು. ಹ್ಯಾಟು ಮೇಲೆದ್ದಿತು, ನನ್ನ ಮೂಗಿನ ಮುಂದೆಯೇ ಒಂದು ಸುತ್ತು ಸುತ್ತಿತು.

"ಏ, ಹಿಡೀ!" ಎಂದು ಅವರು ಕೂಗಿದರು.

ನಾನು ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ. ಹ್ಯಾಟು ನಿಧಾನವಾಗಿ ನೀರಿಗಿಳಿದು, ಯಾರೋ ಸಾಹೇಬ ಕೆಳಗೆ ನಿಂತು ಹಾಕಿಕೊಂಡಿದ್ದಾನೆನ್ನುವ ಹಾಗೆ ತೇಲುತ್ತ ಹೋಯಿತು.

ಅವರು ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು. ನೇರ ನನ್ನ ಮುಖಕ್ಕೆ. "ಕೇಳಸಲಿಲ್ಲೇನು ನಿನಗ?"

"ಕೇಳಸ್ತರೀ. ಆದ್ರ ನನಗ ಹೇಳಿದ್ದು ಅಂತ ಗೊತ್ತಾಗಲಿಲ್ಲ."

ಅದು ಕುಚೋದ್ಯಕ್ಕೆ ಹೇಳಿದ ಮಾತಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ. ಅವರ ಬಾಯಿಂದ ಹೊರಟ ಮಾತು ಯಾರಾದರೊಬ್ಬರ ಮೂಲಕ ಬರುತ್ತದೆ ಎಂದು ನಾನು ಸುಮ್ಮನೆ ಕಾಯುತ್ತ ನಿಂತಿದ್ದೆ. ಅವರು ನನ್ನನ್ನು ನೋಡಿದರು, ತೇಲುವ ಹ್ಯಾಟನ್ನು ನೋಡಿದರು. ಏನೋ ಹೇಳಲು ಹೋಗಿ ನಕ್ಕುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ನಮ್ಮ ಹಿಂದೆ ಅಜ್ಜಿ ಕಿರುಚಿದಳು: "ಬೋಲಲೀ! ಬಾಯೀ ಬೋಲಲೀ!" ಮಾತಾಡಿದಳು, ಹೆಂಗಸು ಮಾತಾಡಿದಳು ಎಂದು ಡೆಕ್ಕೆಲ್ಲ ಎದ್ದು ನಿಂತಿತು. ಸಮುದ್ರ ಹ್ಯಾಟು ತೆಗೆದುಕೊಂಡು ಕಿವಿ ಕೊಟ್ಟಿತು ಎಂದು ಯಾರೋ ಹೇಳಿದರು. ಜ್ಯೋತಿಷಿ ತಾನು ಮೊದಲೇ ಹೇಳಿದ್ದೆನೆಂದ. ಅಜ್ಜಿ ಬುಟ್ಟಿಯಿಂದ ಒಳ್ಳೆಯ ಕಾಯೊಂದನ್ನು ಆರಿಸಿ ಸಮುದ್ರಕ್ಕೆ ಅರ್ಪಿಸಿದಳು. ಇಬ್ಬರು ಹೆಂಗಸರು ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಗುಜರಾತಿಯವನೊಬ್ಬ ತನ್ನ ಟೋಪಿಯನ್ನೂ ನೀರಿಗೆ ಹಾಕಲು ಹೊರಟಿದ್ದ. ಅವನ ಹೆಂಡತಿಗೆ ಕಿವಿ ಕೇಳುತ್ತಿತ್ತಂತೆ, ಆದರೆ ಅವಳು ಅವನ ಮಾತು ಕೇಳುತ್ತಿರಲಿಲ್ಲವಂತೆ.

ದಾಭೋಳದಲ್ಲಿ ಅಜ್ಜಿಯನ್ನು ಇಳಿಸಿಕೊಳ್ಳಲು ಚಿಕ್ಕ ದೋಣಿ ಬಂತು. ಅವಳು ಇಳಿಯುವ ಮುನ್ನ ನಮ್ಮವರ ಕೈ ಹಿಡಿದು, "ಕಿವಿ ಬಂದಿದೆ, ಇನ್ನಾದರೂ ಅವಳ ಜೊತೆ ಮಾತಾಡಪ್ಪ" ಎಂದಳು.

ಮಾತಾಡಿದರು. ದೇವರೇ, ಎಷ್ಟು ಮಾತಾಡಿದರು! ದಾಭೋಳದಿಂದ ರತ್ನಾಗಿರಿಯ ತನಕ ಒಂದು ಭೂಶಿರ ಬಿಡಲಿಲ್ಲ, ಹೊಳೆ ಕಡಲು ಸೇರುವ ಒಂದು ಖಾಡಿ ಬಿಡಲಿಲ್ಲ. ಗಾಳಿ ಯಾಕೆ ಬೀಸುತ್ತದೆ, ನೀರು ಯಾಕೆ ಉಪ್ಪು, ಬಂಡೆ ಯಾಕೆ ಕಪ್ಪು. ಹತ್ತು ವರ್ಷದ ಮೇಲೆ ಗಂಡ ಬಾಯಿ ಬಿಟ್ಟರೆ ಅದರೊಳಗೆ ಬರೀ ಭೂಗೋಳ! ಮತ್ತೆ ಕಿವುಡಿಯಾಗಿಬಿಡಲೇ ಎಂದು ಎರಡು ಸಲ ಅನಿಸಿತು. ಆದರೂ ಪ್ರತಿ ಮಾತಿನ ಕೊನೆಗೆ "ಗೊತ್ತಾತೇನು ನಿನಗ?" ಎನ್ನುತ್ತಿದ್ದರು. ಆ "ನಿನಗ" ಕೇಳಲೆಂದೇ ನಾನು "ಇನ್ನೊಮ್ಮೆ ಹೇಳ್ರಿ" ಎನ್ನುತ್ತಿದ್ದೆ.

ರತ್ನಾಗಿರಿಯಲ್ಲಿ ಎರಡು ದಿನ ಇದ್ದೆವು. ದಂಡೆಯ ಮೇಲೆ ಅಕ್ಕಪಕ್ಕ ನಡೆದೆವು. ಅವರು ಬೊಗಸೆಯಲ್ಲಿ ಸಮುದ್ರದ ನೀರು ತೆಗೆದು ರುಚಿ ನೋಡಿ, "ಖರೇನ ಉಪ್ಪದ!" ಎಂದು ಕಣ್ಣರಳಿಸಿದರು. ಅಷ್ಟು ಪಾಠ ಮಾಡಿದವರಿಗೇ ನಂಬಿಕೆ ಇರಲಿಲ್ಲವೆಂದು ನನಗೆ ಆಗ ತಿಳಿಯಿತು.

ತಿರುಗಿ ಬರುವಾಗ ಹಡಗಿನಲ್ಲಿ ಮಾತು ಚೆನ್ನಾಗಿಯೇ ನಡೆದಿತ್ತು. ರೈಲು ಹತ್ತಿದ ಮೇಲೆ ಸೊರಗತೊಡಗಿತು. ಲೋಣಾವಳೆಗೆ ಬರುವಷ್ಟರಲ್ಲಿ ಅರ್ಧವಾಯಿತು. ಪುಣೆಯ ಮೊದಲಿನ ಖಡಕಿ ಸ್ಟೇಶನ್ನಿನಲ್ಲಿ ಬರೀ ಕೆಮ್ಮು ಉಳಿಯಿತು. ವಾಡೆಯ ಬಾಗಿಲಲ್ಲಿ ಟಾಂಗಾ ಇಳಿದವರೇ, ಓಡಿ ಬಂದ ಮಗಳಿಗೆ, "ನಿಮ್ಮವ್ವಗ ಹೇಳು, ಗಂಟು ಒಳಗ ಇಡು ಅಂತ" ಎಂದರು.

ನನಗೆ ಅಳುವೇ ಬರಬೇಕಿತ್ತು, ಸಿಟ್ಟು ಮೊದಲು ಬಂತು. ಗಂಟು ಅಲ್ಲೇ ಬಿಟ್ಟು ಒಳಗೆ ಹೋದೆ. ಮರುದಿನ "ಅವ್ವಾ, ಅಪ್ಪ ಧೋತರಾ ಕೇಳಲಿಕ್ಹತ್ಯಾರ" ಎಂದಳು ಮಗಳು. ನನಗೆ ಕೇಳಿಸಲಿಲ್ಲ. "ಅವ್ವಾ, ಅಪ್ಪ ಛತ್ರಿ ಎಲ್ಲೆದ ಅಂತಾರ." ಕೇಳಿಸಲಿಲ್ಲ. ಮಗಳು ಹೆದರಿ ಅಜ್ಜಿಯ ಹತ್ತಿರ ಹೋಗಿ, ಅವ್ವನ ಕಿವಿಯಲ್ಲಿ ಸಮುದ್ರದ ನೀರು ಹೋಗಿದೆ ಎಂದಳು. ಅತ್ತೆ ನನ್ನನ್ನು ಒಂದು ನೋಟ ನೋಡಿದರು.

ರಜೆ ಮುಗಿದು ಶಾಲೆ ಶುರುವಾದ ದಿನ. ಬೆಳಗಿನ ಊಟಕ್ಕೆ ನಮ್ಮವರು ಕೂತಿದ್ದರು. ಅತ್ತೆ ಎಂದಿನಂತೆ ಹೊಸ್ತಿಲ ಹತ್ತಿರ ಕೂತು ದೀಪದ ಬತ್ತಿಗೆ ಹತ್ತಿ ಬಿಡಿಸುತ್ತಿದ್ದರು. ಮಜ್ಜಿಗೆ ಬೇಕೆಂದು ನಮ್ಮವರು ಮಗಳ ಬಾಯಲ್ಲಿ ಮೂರು ಸಲ ಹೇಳಿ ಕಳಿಸಿದರು. ನಾನು ಒಲೆಯ ಕಡೆ ಮುಖ ಮಾಡಿಕೊಂಡು ಕೂತೇ ಇದ್ದೆ. ಅವರ ಎಂಜಲುಗೈ ಒಣಗುತ್ತ ಬಂತು, ಶಾಲೆಗೆ ಹೊತ್ತಾಯಿತು. ಕಡೆಗೆ ಅವರು ತಲೆ ಎತ್ತಿ, ತಾಯಿಯ ಎದುರಿಗೇ, "ಏ, ಮಜ್ಜಿಗಿ ಹಾಕು" ಎಂದರು.

ಅತ್ತೆಯ ಕೈಯಲ್ಲಿ ಹತ್ತಿ ನಿಂತಿತು. ನಾನು ಎದ್ದು ಹೋಗಿ ಮಜ್ಜಿಗೆ ಬಡಿಸಿದೆ. ಅರ್ಧ ಮಜ್ಜಿಗೆ ನೆಲಕ್ಕೆ ಹೋಯಿತು. ಅವರು ಮೆಲ್ಲಗೆ ಕೇಳಿದರು: "ನಿಂದು ಊಟಾ ಆತೇನು?"

ಇಷ್ಟಕ್ಕೆಲ್ಲ ಹಟ ಹಿಡಿದವಳು ನಾನು. ಆದರೆ ಅತ್ತೆಯ ಎದುರು ಅವರಿಗೆ ನೇರವಾಗಿ ಹೇಳಲು ಆಗಲಿಲ್ಲ. ಅತ್ತೆಯ ಕಡೆ ತಿರುಗಿ, "ಇನ್ನೂ ಇಲ್ಲಂತ ಹೇಳ್ರಿ" ಎಂದುಬಿಟ್ಟೆ.

"ನಾ ಯಾಕ ಹೇಳ್ಲಿ?" ಎಂದರು ಅತ್ತೆ. "ಅಂವಾ ಕೇಳಿದ್ದು ನಿನ್ನ. ಅವಗಽ ಹೇಳು."

ನಾನು ಅವರ ಕಡೆ ತಿರುಗಿ, "ಇನ್ನೂ ಇಲ್ರಿ" ಎಂದೆ.

ಅತ್ತೆ ಮತ್ತೆ ಹತ್ತಿ ಎತ್ತಿಕೊಂಡರು. ಬಿಡಿಸಲಿಲ್ಲ, ಬೆರಳಲ್ಲಿ ಸುಮ್ಮನೆ ಹೊರಳಿಸುತ್ತಿದ್ದರು. ಮಾವನವರು ಹೋಗಿ ಹನ್ನೆರಡು ವರ್ಷವಾಗಿತ್ತು. ನಾನು ಅವರನ್ನು ನೋಡಿದವಳೇ ಅಲ್ಲ, ಅವರು ಯಾವ ಗೋಡೆಗೆ ಮಾತಾಡುತ್ತಿದ್ದರೋ ಗೊತ್ತಿಲ್ಲ.

"ನಂದೂ ಇನ್ನೂ ಆಗಿಲ್ಲಪಾ" ಎಂದರು ಅತ್ತೆ, ಯಾರನ್ನೂ ನೋಡದೆ. "ನನ್ನ ಯಾರೂ ಒಮ್ಮೆರ ಕೇಳಿಲ್ಲ ನೋಡು."