ಒಬ್ಬಳೇ ಮಾಡಿದ ತಾಲೀಮು

ಬ್ಯಾಟರಾಯನಪುರದ ನಮ್ಮ ತಾಲೀಮು ಮನೆಯ ಬೀಗದ ಕೈ ನನ್ನ ಪಾಲಿಗೆ ಬಂದಿದ್ದು ಲಾಕ್‌ಡೌನಿನ ಎರಡನೇ ವಾರ. ಮಕ್ಕಳ ಡ್ಯಾನ್ಸ್ ಕ್ಲಾಸು, ಹೆಂಗಸರ ಕೋಲಾಟ, ನಮ್ಮ ನಾಟಕ, ಎಲ್ಲಕ್ಕೂ ಕೇರಿಯಲ್ಲಿದ್ದ ಒಂದೇ ಜಾಗ ಅದು. ನಡೆಸುತ್ತಿದ್ದ ಮೇಷ್ಟ್ರಿಗೆ ಉಸಿರಾಟದ ತೊಂದರೆಯಾಗಿ, ಮಗಳು ಪಾಸ್ ಮಾಡಿಸಿ ಮೈಸೂರಿಗೆ ಕರೆದೊಯ್ಯುತ್ತಿದ್ದಳು. ಕಾರಿನ ಕಿಟಕಿ ಇಳಿಸಿ, "ತಾಲೀಮು ಒಂದಿನಾನೂ ನಿಲ್ಲಬಾರ್ದು ಕಣಮ್ಮ," ಎಂದು ಬೀಗದ ಕೈ ಕೊಟ್ಟರು. ನಾಲ್ಕು ಜನ ಸೇರುವಂತಿಲ್ಲ, ತಾಲೀಮಂತೆ! ನನಗೆ ಸಿಟ್ಟೇ ಬಂತು.

ಆದರೆ ಅವರ ಮಾತಿಗೆ ಕಾರಣವಿತ್ತು. ಮನೆ ಕೊಟ್ಟಿದ್ದು ಈಗಿನ ಮಾಲೀಕರ ತಂದೆ. ಇಲ್ಲೆಲ್ಲ ರಾಗಿ ಹೊಲ ಇದ್ದಾಗ ಊರ ನಾಟಕಗಳಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರು. ತಾಲೀಮು ನಡೆಯುವಷ್ಟು ದಿನ ಜಾಗ ನಿಮ್ಮದು ಎಂದು ಮಾತು ಕೊಟ್ಟು ತೀರಿಕೊಂಡಿದ್ದರು. ಮಗ ಬಿಲ್ಡರ್. ಮನೆಮನೆಗೆ ಸಾಮಾನು ತಲುಪಿಸುವ ಕಂಪನಿಯೊಂದು ಆ ಜಾಗವನ್ನು ಗೋಡೌನಿಗೆ ಕೇಳಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತೆ ಲಾಕ್‌ಡೌನ್ ಬಂತು.

"ಅಪ್ಪನ ಮಾತು ನಾನ್ ಮೀರಲ್ಲ ಮೇಡಂ. ತಾಲೀಮು ನಿಂತ ದಿನ ಮಾತ್ರ ನಾನೇ ಬೀಗ ಹಾಕ್ತೀನಿ," ಎಂದರು ಮಾಲೀಕರು ಫೋನಿನಲ್ಲಿ.

ನನ್ನ ಮನೆಗೂ ತಾಲೀಮು ಮನೆಗೂ ಎರಡೇ ಬಾಗಿಲು ದೂರ. ದಿನಾ ಸಂಜೆ ಐದಕ್ಕೆ ಹೋಗಿ, ಕದ ಹಾಕಿಕೊಂಡು, ಅರ್ಧಕ್ಕೆ ನಿಂತಿದ್ದ ನಾಟಕದ ರಾಜ, ರಾಣಿ, ಮಂತ್ರಿ, ದೂತ ಎಲ್ಲ ನಾನೇ ಆದೆ. ಪಕ್ಕದ ಮನೆಯಲ್ಲೇ ಇದ್ದ ಮಾಲೀಕರಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗಿದೆ. ಖಾಲಿ ಕೋಣೆಯಲ್ಲಿ ನನ್ನ ದನಿಗೆ ನಾನೇ ಹೆದರುತ್ತಿದ್ದೆ.

ಒಂಬತ್ತನೇ ದಿನ ಯಾರೋ ಕದವನ್ನು ದಡದಡ ಬಡಿದರು. ತೆರೆದರೆ ಇಬ್ಬರು ಪೊಲೀಸರು. ಹಿಂದೆ ಮಾಲೀಕರು, ಕೈಯಲ್ಲಿ ಹೊಸ ಬೀಗ. ದೂರು ಕೊಟ್ಟವರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

"ಎಷ್ಟ್ ಜನ ಇದೀರ ಒಳಗೆ?"

"ನಾನೊಬ್ಳೇ ಸರ್."

"ಸುಳ್ಳ್ ಹೇಳ್ಬೇಡಿ. ಈಗ್ ತಾನೇ ನಾಲ್ಕ್ ಜನ ಕಿತ್ತಾಡ್ತಿದ್ರು."

ಪರದೆ ಸರಿಸಿ ನೋಡಿದರು, ವೇಷದ ಬಟ್ಟೆಯ ಟ್ರಂಕನ್ನೂ ಬಿಡಲಿಲ್ಲ. ಯಾರೂ ಸಿಗದೆ ಅನುಮಾನ ಹೆಚ್ಚಿತು. "ಹಂಗಾದ್ರೆ ಮಾಡಿ ತೋರ್ಸಿ," ಎಂದರು. ಮಂತ್ರಿಯಾಗಿ ಬೈದೆ, ರಾಣಿಯಾಗಿ ಅತ್ತೆ. ರಾಜನಾಗಿ "ಯಾರಲ್ಲಿ!" ಎಂದು ಕೂಗುವಾಗ ದನಿ ಒಡೆದುಹೋಯಿತು. ಎಲ್ಲ ಮುಗಿಯಿತು ಅಂದುಕೊಂಡೆ.

"ರಾಜ ಹಂಗ್ ಕೂಗಲ್ಲ ಮೇಡಂ," ಎಂದರು ಮಾಲೀಕರು. ಮಾಸ್ಕನ್ನು ಗಲ್ಲಕ್ಕೆ ಎಳೆದು, "ಯಾರಲ್ಲಿ..." ಎಂದು ಎಳೆದೆಳೆದು ಕೂಗಿದರು. ಎದುರು ಮನೆಯ ಕಿಟಕಿಗಳು ತೆರೆದವು. "ಅಪ್ಪ ಹಿಂಗಂತಿದ್ರು." ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು.

"ರೀ, ಮಾಸ್ಕ್ ಹಾಕ್ರೀ ಮೊದ್ಲು," ಎಂದು ಪೊಲೀಸರು ಅವರನ್ನೇ ಗದರಿಸಿ ಹೊರಟರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸ ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ ಮಾಲೀಕರು ಮನೆಗೆ ಹೋಗಿದ್ದರು. ಮರುದಿನ ಐದಕ್ಕೆ ಮಾಲೀಕರು ಬಂದು ತಾಲೀಮು ಮನೆಯ ಕಿಟಕಿಯ ಹೊರಗೆ, ಬೀದಿಯಲ್ಲೇ ನಿಂತರು. ಬರಿಗೈಯಲ್ಲಿದ್ದರು. ನಾನು ರಾಜನ ಮಾತುಗಳಿದ್ದ ಹಾಳೆಯನ್ನು ಸರಳಿನ ಸಂದಿಯಿಂದ ಅವರಿಗೆ ಚಾಚಿದೆ.